ಬೆಳಕಿಂಡಿಯ ಮೇಲಿನ ಗಡಿಗೆ

ಮೊನ್ನೆ ಸುಮಿತ್ರಾ ನನ್ನನ್ನು ನಮ್ಮ ಗಡಿಯೂರು ಜತ್ತದ ಹೊರಗೆ ಹೊಸದಾಗಿ ತೆರೆದ ಖಾನಾವಳಿಯೊಂದಕ್ಕೆ ಕರೆದುಕೊಂಡು ಹೋದಳು. ಸುಮಿತ್ರಾ ನನ್ನ ನಾದಿನಿ ಗಂಗಾಳ ಮಗಳು. ಅವಳಿಗೇ ಈಗ ಅರವತ್ತು, ಮೊಮ್ಮಕ್ಕಳಿದ್ದಾರೆ. ಆದರೂ ನನ್ನನ್ನು ‘ಮಾಮಿ’ ಎಂದು ಕರೆಯುವಾಗ ಲಂಗ ತೊಟ್ಟ ಹುಡುಗಿಯ ಹಾಗೆಯೇ ಕರೆಯುತ್ತಾಳೆ. ಖಾನಾವಳಿಯ ಬೋರ್ಡಿನ ಮೇಲೆ, ಇಲ್ಲಿ ಕಟ್ಟಿಗೆ ಒಲೆಯ ಭಾಕರಿ, ಅಂದರೆ ನಮ್ಮ ಜೋಳದ ರೊಟ್ಟಿ, ಸಿಗುತ್ತದೆ ಎಂದು ಮರಾಠಿಯಲ್ಲಿ ದೊಡ್ಡದಾಗಿ ಬರೆಸಿದ್ದರು. ಯಾವುದರಿಂದ ತಪ್ಪಿಸಿಕೊಳ್ಳಲು ನಾವು ಅರ್ಧ ಆಯುಷ್ಯ ಹೆಣಗಿದೆವೋ ಅದನ್ನು ಹುಡುಕಿಕೊಂಡು ಜನ ಈಗ ಕಾರಿನಲ್ಲಿ ಬರುತ್ತಾರೆ.

ಒಳಗೆ ಕಾಲಿಟ್ಟೊಡನೆ ಹೊಗೆ ಮೂಗಿಗೆ ಬಡಿಯಿತು. ಹಸಿ ಜಾಲಿ ಎಂದು ಮೂಗು ಹೇಳಿತು. ಸಾಲದ್ದಕ್ಕೆ ಒಲೆಯ ಗಂಟಲವರೆಗೂ ತುರುಕಿದ್ದಾರೆ ಎಂದು ಕಣ್ಣು ಹೇಳಿತು. ನೀವಾದರೆ ಸುಮ್ಮನೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಿರಿ. ನನಗೆ ಅಷ್ಟು ಒಳ್ಳೆಯ ಬುದ್ಧಿ ಇಲ್ಲ. ನೆಟ್ಟಗೆ ಒಲೆಯ ಹತ್ತಿರ ಹೋಗಿ, ಅಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಗಸಿಗೆ, “ತಂಗಿ, ಒಂಚೂರು ಸರದ ಕುಂದ್ರು” ಎಂದೆ. ಸೀರೆಯ ಸೆರಗನ್ನು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಐದು ಕಟ್ಟಿಗೆಯಲ್ಲಿ ಮೂರನ್ನು ಹೊರಗೆಳೆದು ಅವುಗಳ ತುದಿಯನ್ನು ಬೂದಿಯಲ್ಲಿ ಉಜ್ಜಿ ಆರಿಸಿದೆ. ಒಳಗೆ ಗುಡ್ಡೆಯಾಗಿದ್ದ ಬೂದಿಯನ್ನು ಗೋರಿ ತೆಗೆದು, ಉಳಿದೆರಡು ಕಟ್ಟಿಗೆಯ ನಡುವೆ ಮೂರು ಬೆರಳು ಜಾಗ ಬಿಟ್ಟು, ಒಂದೇ ಸಲ ಊದಿದೆ. ಬೆಂಕಿ ಎದ್ದು ಹಂಚಿನ ಅಡಿ ನೆಕ್ಕಿತು, ಹೊಗೆ ಎಲ್ಲಿ ಹೋಯಿತೋ ಹೋಯಿತು.

“ಅಜ್ಜಿ, ನಾಳಿಯಿಂದ ಕೆಲಸಕ್ಕ ಬರ್ರಿ” ಎಂದ ಮಾಲಕ.

“ಮೊದಲ ಒಣಗಿದ ಕಟ್ಟಿಗಿ ತರಸಪ್ಪಾ, ಆಮ್ಯಾಲ ಮಾತಾಡೂಣು” ಎಂದೆ.

ಎಂಬತ್ತರ ವಯಸ್ಸಿನಲ್ಲಿ ಹತ್ತು ಜನರ ಮುಂದೆ ಹೊಗಳಿಸಿಕೊಂಡು, ಉಬ್ಬಿಕೊಂಡು ಬಂದು ಕೂತೆ. ಸುಮಿತ್ರಾ ನಗುತ್ತಾ, “ಬೆಂಕಿ ಅಂದ್ರ ನೀನಽ ಮಾಮಿ. ನಮ್ಮ ಆಯಿ ಆದ್ರ ನಾ ಕೂಸಿದ್ದಾಗಽ ಕೆಂಡ ಇಟ್ಟ ನನ್ನ ಸಾಯಸಾಕಿ ಇದ್ಲಂತ. ಅವ್ವ ಈಗೂ ಅಂತಾಳ” ಎಂದಳು. ನಮ್ಮ ಕಡೆ ಆಯಿ ಎಂದರೆ ತಾಯಿಯ ತಾಯಿ. ಅಂದರೆ ನನ್ನ ಅತ್ತೆ. ಬಾಯಿಗಿಟ್ಟ ಭಾಕರಿಯ ತುಣುಕು ಅಲ್ಲಿಯೇ ನಿಂತಿತು.

ಆ ತುಣುಕು ಯಾಕೆ ನಿಂತಿತೆಂದು ಹೇಳುವ ಮೊದಲು ನನ್ನ ಅತ್ತೆಯ ವಿಷಯ ಹೇಳಬೇಕು. ಬೆಂಕಿಯ ಬಗ್ಗೆ ನನಗೆ ಗೊತ್ತಿರುವುದೆಲ್ಲ ಅವರದು.

ನಾನು ಹುಟ್ಟಿದ್ದು ಜತ್ತದ ಪೇಟೆಯಲ್ಲಿ. ಅಪ್ಪನದು ಅರಿವೆ ಅಂಗಡಿ. ನಮ್ಮ ಮನೆಯಲ್ಲಿ ಇದ್ದಿಲ ಶೆಗಡಿ, ಅಂದರೆ ಅಗ್ಗಿಷ್ಟಿಕೆ, ಇತ್ತು; ಚಹಾಕ್ಕೆಂದು ಸೀಮೆಎಣ್ಣೆಯ ಪಂಪಿನ ಸ್ಟೋವು ಇತ್ತು. ಪಂಪು ಹೊಡೆದರೆ ಬೆಂಕಿ ಬರುತ್ತದೆ ಎಂದು ನಂಬಿದ್ದ ಹುಡುಗಿಯನ್ನು ಯಳವಿ ಎಂಬ ಹಳ್ಳಿಯ ಒಕ್ಕಲುತನದ ಮನೆಗೆ ಕೊಟ್ಟರು. ಜತ್ತದ ಸಂಸ್ಥಾನ ಮುಗಿದು ಕಚೇರಿಗಳಿಗೆ ಹೊಸ ಬೋರ್ಡು ಬಂದು ಹತ್ತು-ಹನ್ನೆರಡು ವರ್ಷವಾಗಿತ್ತು. ಮೊದಲ ದಿನ ಬೆಳಿಗ್ಗೆ ಒಲೆ ಹೊತ್ತಿಸಲು ಕೂತವಳು ಊದುಗೊಳವೆಯಲ್ಲಿ ಊದಿ ಊದಿ ಅರ್ಧ ಜೀವವಾದೆ. ಮನೆ ತುಂಬ ಹೊಗೆ. ಮಾವನವರು ಕೆಮ್ಮುತ್ತಾ ಅಂಗಳಕ್ಕೆ ಬಂದು, “ಮನಿಗೆ ಬೆಂಕಿ ಹತ್ತೇತೇನು?” ಎಂದು ಕೂಗಿದರು.

“ಹತ್ತಿದ್ರ ಚಲೋ ಇತ್ತು. ಹತ್ತವಲ್ದು” ಎಂದರು ಅತ್ತೆ.

ಅವರು ಬೈಯುವವರಲ್ಲ, ಆದರೆ ಇಂಥ ಒಂದು ಮಾತಿನಲ್ಲಿ ಮನುಷ್ಯರನ್ನು ಕೂರಿಸಿಬಿಡುತ್ತಿದ್ದರು. ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು, ನಾನು ತುರುಕಿದ್ದನ್ನೆಲ್ಲ ಹೊರಗೆ ತೆಗೆದರು. “ನಿನ್ನ ಬಾಯಾಗ ಎರಡ ರೊಟ್ಟಿ ತುರುಕಿ ಮಾತಾಡಂದ್ರ ಮಾತಾಡ್ತಿಯೇನ? ಒಲಿಗೂ ಉಸಿರ ಬೇಕವ್ವಾ.” ಎರಡು ಕಟ್ಟಿಗೆ ತೆಗೆದುಕೊಂಡು ಒಂದಕ್ಕೊಂದು ಬಡಿದು ಕೇಳಿಸಿದರು. ಒಣಗಿದ್ದು ಟಣ್ ಎನ್ನುತ್ತದೆ, ಹಸಿಯದು ದಬ್ ಎನ್ನುತ್ತದೆ. ಹೊತ್ತಿಸಲು ತೊಗರಿಯ ಕಟ್ಟಿಗೆ, ನಿಂತು ಉರಿಯಲು ಜಾಲಿ, ಹಾಲು ಕಾಯಿಸಲು ಸಗಣಿಯ ಕುಳ್ಳು. ನಮ್ಮ ಕಡೆ ಗಿಡಗಳನ್ನು ಬೆರಳಲ್ಲಿ ಎಣಿಸಬಹುದು. ಹಾಗಾಗಿ ಬೆಂಕಿಯನ್ನು ತುಪ್ಪದಂತೆ ಬಳಸುತ್ತಿದ್ದರು. ಹಂಚಿನ ಮೇಲೆ ರೊಟ್ಟಿ ಇರುವಾಗ ಪಕ್ಕದ ಕೋಡೊಲೆಯಲ್ಲಿ ಬೇಳೆ ಕುದಿಯಬೇಕು, ಒಲೆಯ ಬಾಯಿಗೆ ಎಳೆದ ಕೆಂಡದ ಮುಂದೆ ಇನ್ನೊಂದು ರೊಟ್ಟಿ ನಿಂತು ಉಬ್ಬಬೇಕು, ಹಿಂದೆ ಸ್ನಾನದ ನೀರು ಬೆಚ್ಚಗಾಗಬೇಕು. ಬೇಳೆ ಕುದಿ ಬಂದಮೇಲೆ ಕಟ್ಟಿಗೆ ಒಳಗಿದ್ದರೆ ಅವರು ಸಹಿಸುತ್ತಿರಲಿಲ್ಲ. ಒಟ್ಟಿದ ಕಟ್ಟಿಗೆ ಒಲೆಯಿಂದ ನಾಲ್ಕು ಮೊಳ ದೂರ, ನೀರಿನ ಕೊಡ ಕೈಗೆ ಸಿಗುವಷ್ಟು ಹತ್ತಿರ. ಸೆರಗು ಇಳಿಬಿಟ್ಟುಕೊಂಡು ಒಲೆಯ ಮುಂದೆ ಕೂತರೆ ಮಾತ್ರ ಬೆನ್ನಿಗೆ ಏಟು ಬೀಳುತ್ತಿತ್ತು. ಅದೊಂದಕ್ಕೆ ಮಾತಿಲ್ಲ.

ಇನ್ನೊಂದು ಕಟ್ಟಳೆ ಬೆಳಕಿಂಡಿಯದು. ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆ ನೀವು ನೋಡಿರದಿದ್ದರೆ ಹೇಳುತ್ತೇನೆ. ಗೋಡೆ ದಪ್ಪ, ಕಿಟಕಿ ಇಲ್ಲವೆಂದೇ ಹೇಳಬೇಕು, ಮೇಲೆ ಸಮತಟ್ಟಾದ ಮಣ್ಣಿನ ಮಾಳಿಗೆ. ಪ್ರತಿ ಕೋಣೆಯ ಮಾಳಿಗೆಯಲ್ಲೂ ಒಂದು ಗುಂಡು ಕಿಂಡಿ. ಬೆಳಕು ಬರುವುದೂ ಅದರಿಂದ, ಹೊಗೆ ಹೋಗುವುದೂ ಅದರಿಂದ. ಮಳೆ ಬಂದರೆ ಯಾರಾದರೂ ಮಾಳಿಗೆ ಹತ್ತಿ ಅದರ ಮೇಲೆ ಒಂದು ಹಳೆಯ ಗಡಿಗೆ ಬೋರಲು ಹಾಕಬೇಕು. “ಬೆಂಕಿ ಇದ್ದ ಕ್ವಾಣ್ಯಾಗ ಮಾತ್ರ ಮುಚ್ಚಬ್ಯಾಡ. ಮಳಿ ಬರಲಿ, ಸಿಡಲ ಬರಲಿ” ಎನ್ನುತ್ತಿದ್ದರು ಅತ್ತೆ. ಹೊಗೆಗಾಗಿ ಹೀಗೆ ಹೇಳುತ್ತಾರೆಂದು ನಾನು ತಿಳಿದೆ. ಕೇಳಬೇಕಿತ್ತು, ಕೇಳಲಿಲ್ಲ.

ಎರಡು ವರ್ಷದಲ್ಲಿ ನಾನು ಪಳಗಿದೆ. ಪಳಗಿದ್ದಕ್ಕಿಂತ ಹೆಚ್ಚು ಸೊಕ್ಕಿದೆ ಎಂದರೆ ಸರಿ. ಬಾವಿಯ ಹತ್ತಿರ ನಾಲ್ಕು ಹೆಂಗಸರು ಸೇರಿದರೆ ಸಾಕು, “ನಮ್ಮ ಒಲಿಗೆ ಹೊಗಿನಽ ಇಲ್ಲವಾ” ಎಂದು ಶುರು ಮಾಡುತ್ತಿದ್ದೆ. ಬೇರೆಯವರ ಕೆಂಪು ಕಣ್ಣು ನೋಡಿ ಒಳಗೊಳಗೇ ಹಿಗ್ಗುತ್ತಿದ್ದೆ.

ಆ ವರ್ಷ ಗಂಗಾ ಬಾಣಂತನಕ್ಕೆ ತವರಿಗೆ ಬಂದಳು. ಚೊಚ್ಚಲು. ಹೆಣ್ಣು ಕೂಸು ಹುಟ್ಟಿತು. ಅದಕ್ಕೆ ಒಂಬತ್ತು ದಿನವಾಗಿದ್ದಾಗ ಹಿಂಗಾರಿ ಮಳೆ ಹಿಡಿಯಿತು. ಜೋರಿಲ್ಲ, ಆದರೆ ಬಿಡುವುದೂ ಇಲ್ಲ. ಬಾಣಂತಿಗೆ ಥಂಡಿ ಗಾಳಿ ತಾಗಬಾರದೆಂದು ಅವಳು ಮಲಗುವ ಹೊರಸಿನ ಕೆಳಗೆ ಕೆಂಡದ ಶೆಗಡಿ ಇಡುವುದು ನಮ್ಮಲ್ಲಿ ರೂಢಿ. ಅದನ್ನು ಅತ್ತೆ ತಾವೇ ತುಂಬುತ್ತಿದ್ದರು: ಕೆಂಡ ಸ್ವಲ್ಪ, ಮೇಲೆ ಬೂದಿಯ ಮುಸುಕು, ಬಾಗಿಲು ಒಂದು ಗೇಣು ತೆರೆದು, ಬೆಳಕಿಂಡಿ ಪೂರ್ತಿ ತೆರೆದು. ಆ ದಿನ ಅವರು ಮಾವನವರ ಜೊತೆ ಬಾಣಂತಿಯ ಉಂಡೆಗೆ ಅಂಟು, ಕೊಬ್ಬರಿ ತರಲು ಜತ್ತಕ್ಕೆ ಹೋಗಬೇಕಾಗಿತ್ತು. ನನ್ನ ಗಂಡ ಹೊಲಕ್ಕೆ ಹೋಗಿದ್ದರು. ಮನೆಯಲ್ಲಿ ನಾನು, ಗಂಗಾ, ಕೂಸು.

ಮಧ್ಯಾಹ್ನ ಕೋಣೆಗೆ ಹೋಗಿ ನೋಡಿದರೆ ಗಂಗಾಗೆ ನಿದ್ದೆ ಹತ್ತಿತ್ತು. ಬೆಳಕಿಂಡಿಯಿಂದ ಹನಿ ಸಿಡಿಯುತ್ತಿತ್ತು, ಗಾಳಿ ನುಗ್ಗುತ್ತಿತ್ತು. ಕೂಸು ಚೀರುತ್ತಿತ್ತು. ಥಂಡಿಗೇ ಚೀರುತ್ತಿದೆ ಎಂದುಕೊಂಡೆ. ಶೆಗಡಿಯಲ್ಲಿ ನನ್ನ ಕೈಯ ಜಾಲಿ ಕೆಂಡ ನಿಗಿನಿಗಿ ಎನ್ನುತ್ತಿತ್ತು. ಹೊಗೆಯ ಒಂದು ಎಳೆಯೂ ಇಲ್ಲ. ಹೊಗೆಯೇ ಇಲ್ಲದ ಮೇಲೆ ಕಿಂಡಿ ಯಾಕೆ ಬೇಕು? ಮಾಳಿಗೆ ಹತ್ತಿ ಗಡಿಗೆ ಬೋರಲು ಹಾಕಿ ಬಂದೆ. ಶೆಗಡಿಗೆ ಇನ್ನೆರಡು ಸಲಿಕೆ ಕೆಂಡ ಸುರಿದೆ. ಬಾಗಿಲನ್ನೂ ಎಳೆದುಕೊಂಡೆ.

ಸ್ವಲ್ಪ ಹೊತ್ತಿಗೆ ಕೂಸು ಸುಮ್ಮನಾಯಿತು. ಹುಟ್ಟಿದಾಗಿನಿಂದ ಅಳುವುದೊಂದೇ ಗೊತ್ತಿದ್ದ ಕೂಸು. ನಾನು ಎಷ್ಟು ಬೀಗಿದೆ ಎಂದರೆ, ಅತ್ತೆ ಬಂದೊಡನೆ ಹೇಳಬೇಕೆಂದು ಮಾತು ಜೋಡಿಸಿಕೊಳ್ಳುತ್ತಾ ರೊಟ್ಟಿ ಬಡಿಯುತ್ತಿದ್ದೆ.

ಮಳೆಗೆ ಪೇಟೆ ಬೇಗ ಮುಚ್ಚಿತೆಂದು ಅವರು ಹೊತ್ತಿಗೆ ಮೊದಲೇ ಬಂದರು. ಮಾವನವರು ಚಾವಡಿಯ ಹತ್ತಿರವೇ ಉಳಿದಿದ್ದರು, ಅತ್ತೆ ತೊಯ್ದ ಸೀರೆಯಲ್ಲೇ ಹೊಸ್ತಿಲ ಮೇಲೆ ನಿಂತು, “ಕೂಸ ಯಾಕ ಅಳವಲ್ದು?” ಎಂದರು.

ಎಲ್ಲ ಮನೆಯಲ್ಲೂ ಕೂಸು ಯಾಕೆ ಅಳುತ್ತದೆ ಎಂದು ಕೇಳುತ್ತಾರೆ. ಅತ್ತೆ ಯಾಕೆ ಅಳುತ್ತಿಲ್ಲ ಎಂದು ಕೇಳಿದರು. ಕೋಣೆಯ ಬಾಗಿಲು ನೂಕಿ ತಲೆ ಎತ್ತಿ ನೋಡಿದರು, ಮೇಲೆ ಬೆಳಕಿಲ್ಲ. ಕೂಸನ್ನು ಬಾಚಿಕೊಂಡು, ಯಾವ ಗಾಳಿ ತಾಗಬಾರದೆಂದು ಒಂಬತ್ತು ದಿನ ಕಾದಿದ್ದರೋ ಅದೇ ಗಾಳಿಗೆ, ಹನಿಯುವ ಅಂಗಳಕ್ಕೆ ಓಡಿದರು. “ಗಂಗಾನ್ನ ಎಳಕೊಂಡ ಬಾ! ಲಗೂನ!”

ಗಂಗಾಳನ್ನು ಕಂಕುಳಲ್ಲಿ ಕೈ ಹಾಕಿ ಎಳೆದು ತಂದೆ. ಕರೆದರೆ ಕಣ್ಣು ತೆರೆಯುತ್ತಿರಲಿಲ್ಲ. ಅಂಗಳದಲ್ಲಿ ಅತ್ತೆ ಕೂಸಿನ ಬಟ್ಟೆ ಬಿಚ್ಚಿ, ಬೆನ್ನು ತಿಕ್ಕುತ್ತಾ, ಅಂಗಾಲು ತಿಕ್ಕುತ್ತಾ, ಮುಖದ ಮೇಲೆ ಊದುತ್ತಿದ್ದರು. ಅದರ ಕೈ ಜೋತುಬಿದ್ದಿತ್ತು. ಎಷ್ಟು ಹೊತ್ತೋ ಗೊತ್ತಿಲ್ಲ. ಕಡೆಗೆ ಕೂಸು ಒಂದು ಸಲ ಸೀನಿತು, ಆಮೇಲೆ ಊರಿಗೆಲ್ಲ ಕೇಳುವಂತೆ ಕಿರುಚಿತು. ಗಂಗಾ ವಾಂತಿ ಮಾಡಿಕೊಂಡು, ತಲೆ ಹಿಡಿದು ನರಳಿದಳು. ನಾನು ಕೆಸರಲ್ಲಿ ಕೂತು ಅಳತೊಡಗಿದೆ.

“ಯಾರ ಮುಚ್ಚಿದ್ರು?” ಎಂದು ಅತ್ತೆ ಆಗ ಮೆಲ್ಲಗೆ ಕೇಳಿದರು.

“ನಾನರಿ ಅತ್ತಿ. ಹೊಗಿ ಇರಲಿಲ್ಲರಿ.”

“ಹೊಗಿ ಕಣ್ಣ ಸುಡತೈತಿ, ಅದಕ್ಕ ಮನಷ್ಯಾ ಎದ್ದ ಹೊರಗ ಓಡ್ತಾನ. ಕೆಂಡದ ಉಸಿರು ಯಾರನ್ನೂ ಎಬ್ಬಸಂಗಿಲ್ಲ ಹುಡುಗಿ” ಎಂದರು. ಅಷ್ಟೇ.

ಮೂರನೆಯ ದಿನ ಗಂಗಾಳ ಗಂಡ ತನ್ನ ತಾಯಿಯನ್ನು ಕರೆದುಕೊಂಡು ಬಂದ. ಸುದ್ದಿ ಅವರಿಗೆ ಮುಟ್ಟಿತ್ತು. ಬೀಗಿತ್ತಿ ನೀರು ಸಹ ಮುಟ್ಟದೆ, “ಕಿಂಡಿ ಮುಚ್ಚಿದವರ‍್ಯಾರರಿ?” ಎಂದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅತ್ತೆ, “ನಾನಽ ರೀ. ಮ್ವಾಡ ನೋಡಿ ಮುಚ್ಚಿದ್ದೆ, ಜತ್ತಕ್ಕ ಹೋಗೂ ಗಡಿಬಿಡ್ಯಾಗ ಮರತೆ” ಎಂದರು. ಅಂದು ನಿದ್ದೆಯಲ್ಲಿ, ಆಮೇಲೆ ತಲೆನೋವಿನ ಮಂಪರಿನಲ್ಲಿದ್ದ ಗಂಗಾ ಅದನ್ನೇ ನಿಜವೆಂದು ನಂಬಿದಳು. ಅವರು ಹೋದಮೇಲೆ ನಾನು ಅಳುತ್ತಾ ಕಾಲು ಹಿಡಿಯಲು ಹೋದೆ. “ಏಳು. ನನಗ ಒಂದ ದಿನ ಬೈತಾರ. ನಿನಗ ಜನುಮಾನ ಬೈತಾರ” ಎಂದು, ಶೆಗಡಿಯನ್ನು ನನ್ನ ಕೈಗೆ ಕೊಟ್ಟರು. “ಇವತ್ತಿಂದ ನೀನಽ ತುಂಬು.” ನಾನು ಅದನ್ನು ನೆಲಕ್ಕಿಡಲು ಹೋದೆ. “ಹಿಡಿ. ಇನ್ನ ಮ್ಯಾಲ ನೀ ಮರಿಯಂಗಿಲ್ಲ” ಎಂದರು.

ಮರೆಯಲಿಲ್ಲ. ಆಮೇಲೆ ಯಳವಿಯಲ್ಲಿ ಯಾರ ಮನೆಯಲ್ಲಿ ಬಾಣಂತಿ ಇದ್ದರೂ ನಾನು ಹೋಗಿ ಶೆಗಡಿ ನೋಡುತ್ತಿದ್ದೆ, ಕರೆಯದಿದ್ದರೂ ಹೋಗುತ್ತಿದ್ದೆ. ಎಷ್ಟು ಮಾಳಿಗೆ ಹತ್ತಿ ಎಷ್ಟು ಗಡಿಗೆ ಇಳಿಸಿದೆನೋ ಲೆಕ್ಕವಿಲ್ಲ. ಶೇಗಾಂವದಿಂದಲೂ ಗಾಡಿ ಕಟ್ಟಿ ಕರೆದುಕೊಂಡು ಹೋಗುತ್ತಿದ್ದರು. ಬೆಂಕಿಯ ವಿಷಯದಲ್ಲಿ ನನ್ನ ಮಾತಿಗೆ ಎದುರಾಡುವವರು ಇರಲಿಲ್ಲ, ಈಗಲೂ ಇಲ್ಲ.

ಆದರೆ ಅತ್ತೆಯನ್ನು ಬೈದದ್ದು ಒಂದು ದಿನವಲ್ಲ. ಗಂಗಾಳ ಮುಂದಿನ ಎರಡು ಬಾಣಂತನಕ್ಕೂ ಅವಳನ್ನು ತವರಿಗೆ ಕಳಿಸಲಿಲ್ಲ. ಮಗಳ ಬಾಣಂತನ ಮಾಡುವುದೆಂದರೆ ತಾಯಿಗೆ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಎರಡೂ ಸಲ ಅತ್ತೆ ಅಂಟಿನ ಉಂಡೆ ಕಟ್ಟಿ ಯಾರದೋ ಕೈಯಲ್ಲಿ ಕಳಿಸಿದರು. ಅಂಟು ಹುರಿಯುವಾಗ ಉರಿ ನೋಡಿಕೊಂಡವಳು ನಾನು. ಒಂದು ಹರಳೂ ಸೀಯಗೊಡಲಿಲ್ಲ. ಬಾಯಿ ಮಾತ್ರ ತೆರೆಯಲಿಲ್ಲ. ಹಬ್ಬಕ್ಕೆ ಬಂದಾಗ ಗಂಗಾ ಕೂಸನ್ನು ತಾಯಿಯ ಹತ್ತಿರ ಬಿಟ್ಟು ಬಾವಿಗೆ ಸಹ ಹೋಗುತ್ತಿರಲಿಲ್ಲ, ನನ್ನ ಕೈಗೆ ಕೊಡುತ್ತಿದ್ದಳು. ಅತ್ತೆ ಅದನ್ನು ನೋಡಿ ಜೋಳ ಹಸನು ಮಾಡಲು ಕೂರುತ್ತಿದ್ದರು. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುವಷ್ಟರಲ್ಲಿ ಅವರು ತೀರಿಕೊಂಡರು. ಬೆಂಕಿಗೆ ಹೆದರದ ನಾನು ನಾಲ್ಕು ಜನರ ನಾಲಿಗೆಗೆ ಹೆದರಿದೆ.

ಖಾನಾವಳಿಯಲ್ಲಿ ತಾಟು ಆಚೆ ಸರಿಸಿ ಇಷ್ಟನ್ನೂ ಸುಮಿತ್ರಾಳಿಗೆ ಹೇಳಿದೆ. ಅಂದು ಅಂಗಳದಲ್ಲಿ ಸೀನಿದ ಕೂಸು ಅವಳೇ. ಅವಳು ತಾಟು ಬಿಟ್ಟು ಕೈ ಒರೆಸಿಕೊಂಡಳು. ಬೈಯಲಿಲ್ಲ. “ನನಗ ಹೇಳಿದ್ರ ಏನ ಬಂತು ಮಾಮಿ? ನನಗ ಅದರ ನೆಪ್ಪಽ ಇಲ್ಲ. ಅವ್ವಗ ಹೇಳು” ಎಂದು ಫೋನು ಹಚ್ಚಿ ನನ್ನ ಕೈಗೆ ಕೊಟ್ಟಳು.

“ಯಾರು?” ಎಂದಿತು ಆ ಕಡೆಯ ಮುದಿ ದನಿ.

“ಗಂಗಾ, ನಾನವಾ, ನಿನ್ನ ವೈನಿ. ಅವತ್ತ ಬೆಳಕಿಂಡಿ ಮುಚ್ಚಿದಾಕಿ ನಾನು. ಅತ್ತಿ ಅಲ್ಲ.”

ಗಂಗಾ ಬೈಯುತ್ತಾಳೆಂದು ಕಾದೆ. ಅವಳು ನಾನು ಇರುವುದನ್ನೇ ಮರೆತವಳಂತೆ, “ಅವ್ವಾ, ಒಮ್ಮೆರೆ ಹೇಳಬಾರದಿತ್ತೇನ ನನಗ... ನಿನ್ನ ಕೈಯಾಗ ಒಂದ ಕೂಸ ಕೊಡಲಿಲ್ಲಲ್ಲ ನಾ” ಎಂದು ಎಂದೋ ಹೋದ ತಾಯಿಯನ್ನು ಕರೆದು ಕರೆದು ಅಳತೊಡಗಿದಳು. ನಾನು ಫೋನು ಕೆಳಗಿಡಲಿಲ್ಲ, ಅವಳು ಮುಗಿಸುವ ತನಕ ಕಿವಿಗೆ ಒತ್ತಿಕೊಂಡು ಕೂತಿದ್ದೆ.