ಹನ್ನೆರಡು ಬುಟ್ಟಿ, ಒಂದೇ ಅಳತೆ

ಜಮೈಕಾದ ಸಮುದ್ರ ಹೇಗಿದೆ ಎಂದು ದಯವಿಟ್ಟು ನನ್ನನ್ನು ಕೇಳಬೇಡಿ. ನಾಲ್ಕು ದಿನ ಅದರ ಪಕ್ಕದಲ್ಲೇ ಇದ್ದು ಬಂದವಳು, ನಿಜ. ಆದರೆ ಅಲ್ಲಿಯ ಬುಟ್ಟಿಗಳ ಬಗ್ಗೆ ಕೇಳಿದರೆ ಒಂದು ಗಂಟೆ ಬೇಕಾದರೂ ಮಾತಾಡಬಲ್ಲೆ.

ನಮ್ಮವರು ಅಮೆರಿಕದ ರಿಸರ್ಚ್ ಟ್ರಯಾಂಗಲ್ ಪಾರ್ಕಿನಲ್ಲಿ ಔಷಧದ ಕಂಪನಿಯೊಂದರ ವಿಜ್ಞಾನಿ. ಒಂಬತ್ತು ವರ್ಷ ರಜೆ ಎಂದರೆ ಇಂಡಿಯಾ ಟ್ರಿಪ್ ಒಂದೇ. ಅದನ್ನು ಮುಗಿಸಿ ಬಂದ ಮೇಲೆ ಸುಧಾರಿಸಿಕೊಳ್ಳಲು ಇನ್ನೊಂದು ರಜೆ ಬೇಕಾಗುತ್ತಿತ್ತು. ಆ ವರ್ಷ ಅವರೇ, "ನಾಲ್ಕು ದಿನ ಎಲ್ಲಾದ್ರೂ ಸುಮ್ನೆ ಕೂತಿರೋಣ ಕಣೆ, ನಾವಿಬ್ರೇ" ಎಂದರು. ಬಾಯಿಬಿಟ್ಟು ಏನನ್ನೂ ಕೇಳುವ ಮನುಷ್ಯರಲ್ಲ. ಆಗಲಿ ಎಂದು ಮಾತು ಕೊಟ್ಟೆ. ಮಾತು ಕೊಟ್ಟವಳೇ ಅಟ್ಟದಿಂದ ಒಂದು ಖಾಲಿ ಸೂಟ್‌ಕೇಸನ್ನೂ ಇಳಿಸಿಕೊಂಡೆ.

ಯಾಕೆಂದರೆ ನಮ್ಮ ಬಳಗದಲ್ಲಿ ನಮ್ಮನ್ನು ಬಿಟ್ಟು ಹನ್ನೆರಡು ಕನ್ನಡದ ಮನೆಗಳಿವೆ. ಯಾರು ಎಲ್ಲಿಗೆ ಹೋಗಿ ಬಂದರೂ ಅಷ್ಟೂ ಮನೆಗೆ ಏನಾದರೂ ತರಬೇಕು, ತಂದದ್ದು ಎಲ್ಲರಿಗೂ ಒಂದೇ ಥರ ಇರಬೇಕು. ಹೀಗೆಂದು ಯಾರೂ ಕಾನೂನು ಮಾಡಿಲ್ಲ, ಮುರಿಯುವ ಧೈರ್ಯವೂ ಯಾರಿಗಿಲ್ಲ. ಊರಿಂದ ಬಂದ ನೆಂಟರನ್ನು ಕರೆದುಕೊಂಡು ಎರಡು ದಿನ ನಯಾಗರಾಕ್ಕೆ ಹೋದಾಗ ನಾನು ಬುದ್ಧಿಯಿಲ್ಲದೆ ಕೆಲವರಿಗೆ ಮಗ್ಗು, ಕೆಲವರಿಗೆ ಕೀ ಚೈನು ತಂದಿದ್ದೆ. ಕೀ ಚೈನಿನವರು ಆ ಸಲ ನಮ್ಮ ಮನೆಯ ದೀಪಾವಳಿ ಪಾಟ್‌ಲಕ್ ಊಟಕ್ಕೆ ಬರಲಿಲ್ಲ. ಹಿಂದೆ ಕಾಶಿಗೆ ಹೋಗಿಬಂದವರು ಎಷ್ಟು ಜಾಣರು ನೋಡಿ, ಎಲ್ಲರ ಕೈಗೂ ಒಂದೊಂದು ಕಾಶಿದಾರ ಕಟ್ಟಿ ಮುಗಿಸುತ್ತಿದ್ದರು. ದಾರದಲ್ಲಿ ನಿನ್ನದು ದೊಡ್ಡದು, ನನ್ನದು ಚಿಕ್ಕದು ಎಂಬುದು ಬರುವುದಿಲ್ಲ.

ಮೊದಲ ದಿನವೇ ರೆಸಾರ್ಟಿನ ಹಿಂದಿನ ಸಂತೆಗೆ ಹೋದೆ. ತಗಡಿನ ಸೂರು, ಉಸಿರು ಕಟ್ಟುವ ಸೆಖೆ. ಒಣಗರಿಯಿಂದ ಹೆಣೆದ ಮುಚ್ಚಳದ ಬುಟ್ಟಿಗಳನ್ನು ಕಂಡು ಮನಸೋತೆ. ಆದರೆ ಒಂದರ ಹೊಟ್ಟೆ ಉಬ್ಬಿದೆ, ಒಂದರ ಮುಚ್ಚಳ ವಾರೆ, ಒಂದಕ್ಕೆ ಹಳದಿ ಪಟ್ಟೆ, ಇನ್ನೊಂದಕ್ಕೆ ಕೆಂಪು. ಮೂವತ್ತು ಅಂಗಡಿ ಸುತ್ತಿದರೂ ಒಂದರಂಥ ಇನ್ನೊಂದು ಸಿಗಲಿಲ್ಲ. ಗ್ಲೋರಿಯಾ ಎಂಬ ದಪ್ಪ ಹೆಂಗಸಿನ ಮುಂದೆ ನನ್ನ ಕಷ್ಟ ಹೇಳಿಕೊಂಡೆ. "ಕೈಯಲ್ಲಿ ಮಾಡೋದಮ್ಮ, ನನ್ನ ಎರಡು ಕೈಯೇ ಒಂದೇ ಥರ ಇಲ್ಲ" ಎಂದು ತನ್ನ ಇಂಗ್ಲಿಷಿನಲ್ಲಿ ನಕ್ಕಳು. ಕೊನೆಗೆ ನನ್ನ ಮುಖ ನೋಡಿ ಕನಿಕರವಾಯಿತೋ ಏನೋ, ಅಕ್ಕ ತಂಗಿಯರನ್ನು ಸೇರಿಸಿಕೊಂಡು ಒಂದೇ ಥರದ ಹನ್ನೆರಡನ್ನು ಹೆಣೆದುಕೊಡಲು ಒಪ್ಪಿದಳು.

ಒಪ್ಪಿಸಿ ಸುಮ್ಮನಿರುವ ಜಾತಿಯೇ ನಾನು? ಎರಡನೆಯ ದಿನ ಅಳತೆ ನೋಡಲು ಹೋದೆ. ಮೂರನೆಯ ದಿನ ಪಟ್ಟೆ ನೋಡಲು ಹೋದೆ. ನಾಲ್ಕನೆಯ ದಿನ ಬೆಳಿಗ್ಗೆ ಹನ್ನೆರಡನ್ನೂ ಸಾಲಾಗಿ ಇಡಿಸಿ, ಬಗ್ಗಿ ನೋಡಿ, ಎರಡನ್ನು ಬಿಚ್ಚಿಸಿ ಮತ್ತೆ ಹೆಣೆಸಿದೆ. ಗ್ಲೋರಿಯಾ ಬೈಯಲಿಲ್ಲ. "ನೀನು ನೀರಿಗೆ ಇಳಿದೆಯಾ?" ಎಂದು ಮಾತ್ರ ಕೇಳಿದಳು. ಇಲ್ಲ ಎಂದೆ. ಮಧ್ಯಾಹ್ನ ವಿಮಾನ ಹತ್ತಿದಾಗ ಕಾಲು ಊದಿತ್ತು, ತಲೆ ಸಿಡಿಯುತ್ತಿತ್ತು. ಬುಟ್ಟಿ ಮಾತ್ರ ಅಚ್ಚು ಹೊಡೆದಂತೆ ಒಂದೇ ಥರ ಇದ್ದವು.

ಮುಂದಿನ ಶನಿವಾರ ಇಬ್ಬರೂ ಮನೆಮನೆಗೆ ಹೋಗಿ ಹಂಚಿದೆವು. ಯಾರೂ ಮುನಿಸಿಕೊಳ್ಳಲಿಲ್ಲ. ಗೆಳತಿ ಸುಧಾ ಬುಟ್ಟಿಯನ್ನು ಟಿ.ವಿ. ಮೇಲಿಟ್ಟು, "ಸಮುದ್ರ ಹೇಗಿತ್ತು ರೀ?" ಎಂದು ಕೇಳಿದಳು. ಪಕ್ಕದಲ್ಲಿದ್ದ ನಮ್ಮವರೇ ಉತ್ತರ ಹೇಳಿದರು: "ಚೆನ್ನಾಗಿತ್ತು. ನಾಲ್ಕು ದಿನಾನೂ ಪಕ್ಕದ ಕುರ್ಚಿಗೆ ಟವೆಲ್ ಹಾಕಿ ಜಾಗ ಹಿಡಿದಿದ್ದೆ." ಸಿಟ್ಟಿನಲ್ಲಿ ಹೇಳಿದ್ದರೆ ಜಗಳವಾಡಿ ಮುಗಿಸುತ್ತಿದ್ದೆ. ನಗುತ್ತಲೇ ಹೇಳಿದರು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅದಕ್ಕೇ ಮರುವರ್ಷ ಕಾರಿನಲ್ಲೇ ಮರ್ಟಲ್ ಬೀಚಿಗೆ ಹೊರಟೆವು, ಯಾರಿಗೂ ಹೇಳದೆ. ಹೇಳಿದರೆ ತಾನೇ ತರಬೇಕು? ನಮ್ಮವರಿಗೆ ವಾಷಿಂಗ್ಟನ್ನಿನಲ್ಲಿ ಕಾನ್ಫರೆನ್ಸು, ನಾನೂ ಹೋಗುತ್ತಿದ್ದೇನೆ ಎಂದು ಊರಿಗೆಲ್ಲ ಸುಳ್ಳು ಹೇಳಿದ್ದೆ. ಕೆಲಸಕ್ಕೋ ಒಡಹುಟ್ಟಿದವರ ಮನೆಗೋ ಹೋಗಿಬಂದರೆ ಯಾರೂ ಏನೂ ಕೇಳುವುದಿಲ್ಲ. ಮರಳಲ್ಲಿ ಕುರ್ಚಿ ಹಾಕಿ, ಇಬ್ಬರೂ ಅಕ್ಕಪಕ್ಕ ಕೂತು ಅರ್ಧ ಗಂಟೆಯೂ ಆಗಿರಲಿಲ್ಲ, ಹಿಂದಿನ ಕೊಡೆಯ ಕೆಳಗಿನಿಂದ, "ರೀ, ಚಕ್ಲಿ ಡಬ್ಬ ಎಲ್ಲಿಟ್ರಿ?" ಎಂಬ ಅಚ್ಚ ಮೈಸೂರಿನ ದನಿ ಕೇಳಿತು. ತಿರುಗಿದೆ. ಸುಧಾ, ಅವಳ ಗಂಡ. ಅಟ್ಲಾಂಟಾದಲ್ಲಿ ಅಣ್ಣನ ಮನೆಗೆ ಹೋಗುತ್ತೇವೆಂದು ಹೇಳಿ ಹೊರಟವರು. ನನ್ನಷ್ಟೇ ದಣಿದ ಮುಖ.

ಸುಧಾಳ ಗಂಡ ಕೈಯಲ್ಲಿದ್ದ ಚಕ್ಲಿ ಡಬ್ಬವನ್ನು ಮರಳ ಮೇಲಿಟ್ಟರು.

"ನಾವು ಅಟ್ಲಾಂಟಾದಲ್ಲಿದೀವಿ" ಎಂದಳು ಸುಧಾ, ಮೆಲ್ಲಗೆ.

"ನಾವು ವಾಷಿಂಗ್ಟನ್ನಲ್ಲಿದೀವಿ" ಎಂದೆ ನಾನು.

"ಹಾಗಾದ್ರೆ ಇಲ್ಲಿ ಯಾರೂ ಇಲ್ಲ" ಎಂದು ನಮ್ಮವರು ಸುಧಾಳ ಡಬ್ಬದಿಂದ ಒಂದು ಚಕ್ಲಿ ತೆಗೆದುಕೊಂಡು ಸಮುದ್ರದ ಕಡೆ ತಿರುಗಿ ಕೂತರು.