ಮುದ್ದೆ ಬಟ್ಟೆ

ಆವತ್ತೂ ಶಶಿರೇಖ ಬೆಳಕು ಹರಿಯೋ ಮುಂಚೆ ಎದ್ದು ಮುದ್ದೆ ಕಟ್ಟಿದಳು. ಗಂಡ ಸೊಣ್ಣಪ್ಪ ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುವವನು. ಮಧ್ಯಾಹ್ನಕ್ಕೆ ಮನೆ ಮುದ್ದೆಯೇ ಆಗಬೇಕು. ಬಟ್ಟೆ ನೆನೆಸಿ, ಹಿಂಡಿ, ಮುದ್ದೆಗೆ ಸುತ್ತಿ ಸ್ಟೀಲ್ ಡಬ್ಬಿಗಿಟ್ಟಳು. ಅವನು ಮುಚ್ಚಳ ತೆಗೆದು ಮುಟ್ಟಿ ನೋಡಿದ.

"ಇಷ್ಟು ಬಿಗಿಯಾಗಿ ಇಂಡಬ್ಯಾಡ ಕಣೆ. ಮುದ್ದೆ ಮೇಲೆಲ್ಲ ಒಣಗೋಗ್ತದೆ."

ನಾಳೆ ನೋಡ್ತೀನಿ ಓಗಿ ಅಂದಳು.

ಆ ಬಟ್ಟೆ ಅವನ ಹಳೇ ಪಂಚೆಯದು. ಮೊದಲು ಮಗಳು ರೂಪ ಆಂಡರ್ಸನ್‌ಪೇಟೆಯಿಂದ ತೆಳ್ಳನೆ ಪ್ಲಾಸ್ಟಿಕ್ ಸುರುಳಿ ತಂದಿದ್ದಳು. ಬಿಸಿ ಮುದ್ದೆಗೆ ಅದನ್ನೇ ಸುತ್ತಿ ಕಳಿಸುತ್ತಿದ್ದರು. ಒಳಗೆ ಬೆವರಿ ಮುದ್ದೆ ಅಂಟಂಟಾಗೋದು, ವಾಸನೆ ಹಿಡಿಯೋದು. ಬಿಸಿಗೆ ಪ್ಲಾಸ್ಟಿಕ್ಕಿನ ವಿಷ ಅನ್ನಕ್ಕಿಳೀತದೆ ಅಂತ ಅಂಗನವಾಡಿಯ ಅನಸೂಯಮ್ಮ ಹೇಳಿದ್ದಳು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಒಂದು ಸಂಜೆ ಸೊಣ್ಣಪ್ಪ, ನಾನು ಮುದ್ದೆ ತಿಂದ್ನೋ ಕವರ್ ತಿಂದ್ನೋ ತಿಳೀಲಿಲ್ಲ ಅಂತ ನಕ್ಕ. ನಕ್ಕವನೇ ಪಂಚೆ ಹರಿದು ಎರಡು ತುಂಡು ಮಾಡಿ ಕೊಟ್ಟ. ಒಂದು ಒಣಗುವಾಗ ಇನ್ನೊಂದು ಡಬ್ಬಿಗೆ.

ಆವತ್ತು ಹಾಗಂದು ಡಬ್ಬಿ ಹಿಡಿದು ಹೋದವನು ಮಧ್ಯಾಹ್ನ ಊಟ ಮಾಡಿ, ಗೋಡೆಗೆ ಕಟ್ಟಿದ ಸಾರ್ವೆ ಹತ್ತಿ, ಕಾಲು ಜಾರಿ ಬಿದ್ದ. ಆಸ್ಪತ್ರೆ ಮುಟ್ಟಲಿಲ್ಲ. ಜೊತೆ ಕೆಲಸದ ಮುನೇಶ್ ಡಬ್ಬಿ ತಂದುಕೊಟ್ಟ. ಒಳಗೆ ಬಟ್ಟೆ. ದಿನಾ ಮಾಡೋ ಹಾಗೆ ಸೊಣ್ಣಪ್ಪನೇ ತೊಳೆದು ಮಡಚಿಟ್ಟಿದ್ದ.

ತಿಥಿ ಮುಗಿಯಿತು. ಸತ್ತವರ ಬಟ್ಟೆ ಮನೆಯಲ್ಲಿ ಇರಬಾರದು. ಅತ್ತೆ ಮುನಿನಾರಾಯಣಮ್ಮ ಮಗನದ್ದೆಲ್ಲ ಗಂಟು ಕಟ್ಟಿದಳು. ಷರಟು, ಪಂಚೆ, ತಲೆಗೆ ಸುತ್ತೋ ಟವಲು. ಶಶಿರೇಖ ಒಂದಕ್ಕೂ ಬೇಡ ಅನ್ನಲಿಲ್ಲ. ಕೊನೆಗೆ ಅತ್ತೆ ಅಡುಗೆಮನೆ ಹಗ್ಗದ ಮೇಲಿದ್ದ ಎರಡು ತುಂಡಿಗೆ ಕೈ ಹಾಕಿದಳು. ಇದೂ ಅವನ ಪಂಚೆಯೇ ಅಂದಳು.

ರೂಪ ಗಾರ್ಮೆಂಟ್ಸಿಗೆ ಹೋಗುವವಳು. ಓಗ್ಲಿ ಬಿಡಮ್ಮ, ಸುರುಳಿ ಇನ್ನೂ ಅದೆ, ನನ್ನ ಡಬ್ಬಿಗೆ ಅದೇ ಸಾಕು ಅಂದಳು.

ಶಶಿರೇಖ ಎದ್ದು ಬಟ್ಟೆಯ ಇನ್ನೊಂದು ತುದಿ ಹಿಡಿದಳು.

"ಅವರು ಉಟ್ಟ ಪಂಚೆ ಔದು ಅತ್ತೆ. ಈಗ ಇದು ಅನ್ನದ ಬಟ್ಟೆ. ಅವರೇ ತುಂಡು ಅರಿದು ಕೊಟ್ಟವ್ರೆ. ಇದನ್ನ ಕೊಡಲ್ಲ."

ಮುದುಕಿ ಬಿಡಲಿಲ್ಲ. ಇಬ್ಬರೂ ಹಾಗೇ ಹಿಡಿದು ನಿಂತರು. ಆಮೇಲೆ ಅತ್ತೆಯ ಕೈ ಸಡಿಲವಾಯಿತು.

"ಚೆನ್ನಾಗಿ ಕುದಿಸಿ ಒಣಗಾಕು," ಅಂದು ಗಂಟು ಎತ್ತಿಕೊಂಡು ಹೊರಗೆ ಹೋದಳು.

ಮೊದಲು ಸುರುಳಿ ಸುತ್ತಿಡುತ್ತಿದ್ದ ಉಳಿದ ಸಾರಿನ ಪಾತ್ರೆಗೂ ಈಗ ಸ್ಟೀಲ್ ತಟ್ಟೆ ಮುಚ್ಚುತ್ತಾರೆ. ಸುರುಳಿ ಅಟ್ಟದ ಮೇಲೆ ಬಿದ್ದಿದೆ.

ಬೆಳಗ್ಗೆ ರೂಪಳ ಡಬ್ಬಿಗೆ ಶಶಿರೇಖ ಮುದ್ದೆ ಕಟ್ಟುತ್ತಾಳೆ. ಕಾಯಿಸಿ ಆರಿಸಿದ ನೀರಲ್ಲಿ ಬಟ್ಟೆ ಅದ್ದುತ್ತಾಳೆ. ಹಿಂಡುತ್ತಾಳೆ. ಬಿಗಿಯಾಗಿ ಅಲ್ಲ.