ಸುದ್ದಿ ಬಾರದ ಒಂದು ಭಾನುವಾರ

ನಮ್ಮ ಮನೆಯ ಮೊದಲ ಕಂಪ್ಯೂಟರಿಗೆ ನಾನು ಬೈದದ್ದು ಕಡಿಮೆ. ಬೈಲಹೊಂಗಲದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ಗಂಟಲು ಹರಿದುಕೊಂಡು ಮನೆಗೆ ಬರುವವಳು ನಾನು. ಒಂದೇ ತಪ್ಪನ್ನು ಎಷ್ಟು ಸಲವಾದರೂ ಸಿಟ್ಟಿಲ್ಲದೆ ತೋರಿಸುವ ಆ ಪೆಟ್ಟಿಗೆಯ ಮೇಲೆ ನನಗೆ ಒಳಗೊಳಗೇ ಗೌರವವಿತ್ತು. ಅದನ್ನು ತಂದವರು ನಮ್ಮ ಯಜಮಾನರು. ಹತ್ತಿ ವ್ಯಾಪಾರಿ. ದೇಶದ ದರವೆಲ್ಲ ಮನೆಯೊಳಗೇ ಬರುತ್ತದೆಂದು ತಂದರು, ಆಮೇಲೆ ಅದರ ಹತ್ತಿರ ಸುಳಿಯಲಿಲ್ಲ. ಇಲಿಯಂಥ ಆ ಮೌಸು ಕೈಯಲ್ಲಿ ಹಿಡಿದರೆ ಅವರಿಗೆ ಕಚಗುಳಿ.

ಆ ವರ್ಷ ನನ್ನ ಎದೆಯಲ್ಲಿ ಒಂದು ಸಣ್ಣ ಗಂಟು ಕಾಣಿಸಿತು. ಬೆಳಗಾವಿಯಲ್ಲಿ ಡಾಕ್ಟರಾಗಿದ್ದ ಗೆಳತಿ ಸುಮಿತ್ರಾ ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದಳು. ಫಲಿತಾಂಶ ಬಂದ ಕೂಡಲೇ ಫೋನ್ ಮಾಡುತ್ತೇನೆಂದಳು. ನಾನೇ ಬೇಡವೆಂದೆ. ಅವಳು ‘ಹಲೋ’ ಅಂದರೆ ಸಾಕು, ನನಗೆ ಎಲ್ಲ ತಿಳಿದುಹೋಗುತ್ತದೆ. ಮುಂದಿನ ಮಾತು ಕಿವಿಗೇ ಬೀಳುವುದಿಲ್ಲ. ಇ-ಮೇಲ್ ಆದರೆ ಅಕ್ಷರಕ್ಕೆ ದನಿಯಿಲ್ಲ, ಕೂತು ಓದಬಹುದು. ಭಾನುವಾರದೊಳಗೆ ಬರೆಯುತ್ತೇನೆ ಎಂದಳು.

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಕಂಪ್ಯೂಟರಿನ ಮುಂದೆ ಕೂತೆ. ಬಾವಿಯ ಗಡಗಡೆಯಂತೆ ಕಿರುಗುಟ್ಟಿ ಮೋಡೆಮ್ ಫೋನ್ ಲೈನಿಗೆ ಸೇರಿಕೊಂಡಿತು. ಆದರೆ ಮೇಲ್ ತರುವ ಪ್ರೋಗ್ರಾಮ್ ಮಾತ್ರ ಸಂಪರ್ಕವಿಲ್ಲ ಎಂದಿತು. ಪಾಸ್‌ವರ್ಡ್ ಮತ್ತೆ ಹಾಕಿದೆ. ಸರ್ವರಿನ ಹೆಸರನ್ನು ಅಕ್ಷರ ಅಕ್ಷರವಾಗಿ ತಾಳೆ ನೋಡಿದೆ. ತಂತಿ ಕಿತ್ತು, ಸೀರೆಯ ಸೆರಗಿನಿಂದ ಒರೆಸಿ, ಮತ್ತೆ ಚುಚ್ಚಿದೆ. ಸಂಪರ್ಕವಿಲ್ಲ.

ವಿಚಿತ್ರವೆಂದರೆ, ನನಗೆ ಅವಸರವೇ ಆಗಲಿಲ್ಲ. ಮೋಡೆಮ್ ಕಿರುಗುಟ್ಟಿದಾಗಲೆಲ್ಲ ಮನಸ್ಸು ಎದ್ದು ಎಲ್ಲಿಗೋ ಹೋಗುತ್ತಿತ್ತು. ಸುಮಿತ್ರಾ ಬರೆದದ್ದು ಈಗ ಎಲ್ಲಿರಬಹುದು? ಕಿತ್ತೂರಿನ ಹೆದ್ದಾರಿಯಲ್ಲಿ ಲಾರಿಗಳ ಸಾಲಿನಲ್ಲಿ ನಿಂತು ಚಾ ಕುಡಿಯುತ್ತಿದೆಯೇ? ಹಿಂದಿನ ಕಾಲದಲ್ಲಿ ಕೆಟ್ಟ ಸುದ್ದಿ ತರುವವನು ಊರ ಹೊರಗಿನ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಬರುತ್ತಿದ್ದನಂತೆ. ಅಷ್ಟು ಹೊತ್ತು ಆ ಮನೆಯವರು ಸುಖಿಗಳು. ಗಣಿತದಲ್ಲಿ ಬೆಲೆ ಗೊತ್ತಿಲ್ಲದ್ದನ್ನು ‘ಕ್ಷ’ ಎಂದು ಬರೆದು ನಿಶ್ಚಿಂತೆಯಿಂದ ಮುಂದುವರಿಯುತ್ತೇವಲ್ಲ, ಹಾಗೆ ನಾನೂ ಆ ಬೆಳಗನ್ನು ದಾಟುತ್ತಿದ್ದೆ.

ಆಗ ಗಮನಿಸಿದೆ, ಯಜಮಾನರು ಮಾತಾಡುತ್ತಿಲ್ಲ. ಪೇಟೆಯ ಗದ್ದಲವನ್ನೇ ಮೀರಿಸುವ ಬಾಯಿ ಅವರದು. ಅಂದು ಓದಿ ಮುಗಿದ ಪೇಪರನ್ನು ಮಡಿಚುತ್ತ, ಬಿಚ್ಚುತ್ತ ಕೂತಿದ್ದರು. ನಾನು ಮತ್ತೊಮ್ಮೆ ತಂತಿ ಕೀಳಲು ಬಾಗಿದಾಗ ಅವರು ಮೆಲ್ಲಗೆ ಅಂದರು:

“ತಂತೀದೇನೂ ತಪ್ಪಿಲ್ಲ, ಬಿಡು. ನಾನ ಮಾಡೀನಿ.”

ನಾನು ಎದ್ದು ನಿಂತೆ. ಕಂಪ್ಯೂಟರ್ ಮಾರಿದವನಿಗೆ ಶನಿವಾರ ಫೋನ್ ಹಚ್ಚಿ, ಮೇಲ್ ಬರದ ಹಾಗೆ ತಡೆಯುವುದು ಹೇಗೆಂದು ಕೇಳಿದ್ದರಂತೆ. ‘ಆಫ್‌ಲೈನ್’ ಎಂಬಲ್ಲಿ ಒಂದು ಗುರುತು ಹಾಕಿದರೆ ಸಾಕೆಂದು ಅವನು ಹೇಳಿಕೊಟ್ಟಿದ್ದ. ನಾನು ಸ್ನಾನಕ್ಕೆ ಹೋದಾಗ ಆ ಕಚಗುಳಿಯ ಇಲಿಯನ್ನು ಹಿಡಿದು, ಇವರು ಗುರುತು ಹಾಕಿದ್ದರು.

“ಇವತ್ತೊಂದು ದಿನ ಹಿಂಗ ಇರೂಣು ಅನ್ನಿಸ್ತು,” ಎಂದರು. ಪೇಪರನ್ನು ಮಡಿಚಿ ಕೆಳಗಿಟ್ಟರು.

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ಗುರುತು ಹುಡುಕಿದೆ, ನೋಡಿದೆ, ತೆಗೆಯಲಿಲ್ಲ. ಸ್ಕೂಟರ್ ತೆಗೀರಿ ಎಂದೆ. ರೊಟ್ಟಿ ಕಟ್ಟಿಕೊಂಡು ಹೊರಟೆವು.

ಮುರಗೋಡ ನನ್ನ ತವರು. ಅಲ್ಲಿ ನಿಲ್ಲದೆ ಮುಂದೆ ಹೋದೆವು. ಅವ್ವನ ಮುಂದೆ ಮುಖ ಮರೆಸಲು ನಮಗಿಬ್ಬರಿಗೂ ಬರುವುದಿಲ್ಲ. ನವಿಲುತೀರ್ಥದ ಅಣೆಕಟ್ಟಿನಲ್ಲಿ ಎರಡು ಗುಡ್ಡಗಳ ನಡುವೆ ಮಲಪ್ರಭೆ ನಿಂತಿದ್ದಳು. ನೀರಿನ ಮೇಲೆ ಮೋಡದ ನೆರಳು ಎಳೆದಷ್ಟೂ ಉದ್ದವಾಗುತ್ತ ಹೋಗುತ್ತಿತ್ತು. ರೊಟ್ಟಿ, ಶೇಂಗಾ ಚಟ್ನಿಪುಡಿ ತಿಂದೆವು. ಮದುವೆಯಾದ ಹೊಸತರಲ್ಲಿ ಹೇಳದೆ ಉಳಿದಿದ್ದ ಎಷ್ಟೋ ಸಣ್ಣ ಮಾತುಗಳನ್ನು ಅವರು ಅಂದು ಹೇಳಿದರು. ನಾನು ನೀರು ನೋಡುತ್ತ ಕೇಳಿದೆ. ಭಯ ಹೋಗಿರಲಿಲ್ಲ, ನಮ್ಮ ಪಕ್ಕದಲ್ಲೇ ಬಂಡೆಯ ಮೇಲೆ ಕೂತು ಅದೂ ನೀರು ನೋಡುತ್ತಿತ್ತು.

ಸಂಜೆ ಮನೆಗೆ ಬಂದು, ಇಬ್ಬರೂ ಒಂದೇ ಕುರ್ಚಿಯಲ್ಲಿ ಒತ್ತಿಕೊಂಡು ಕೂತು, ಗುರುತು ತೆಗೆದೆವು. ಮೇಲ್ ಬಂದಿತು. ಸುಮಿತ್ರಾ ಎರಡೇ ಸಾಲು ಬರೆದಿದ್ದಳು: ಗಂಟು ಸಾದಾ ಗಂಟು, ಹೆದರಬೇಡ. ಅದನ್ನು ಶನಿವಾರ ಸಂಜೆಯೇ ಕಳಿಸಿದ್ದಳು.

ಯಜಮಾನರು ಆ ತಾರೀಕನ್ನೇ ನೋಡುತ್ತ ಕಣ್ಣೊರೆಸಿಕೊಂಡರು. “ಹಂಗಾದ್ರ ನಿನ್ನೆ ಸಂಜೀಗೇ ನೀ ಆರಾಮ ಇದ್ದಿ.”

“ಅದಕ್ಕಿಂತ ಮೊದಲೂ ಆರಾಮನ ಇದ್ದೆ,” ಅಂದೆ. “ನಮಗ ಗೊತ್ತಿರಲಿಲ್ಲ, ಅಷ್ಟ.”